642 ಭಾಗಗಳ ಬೆನ್ನು ಹತ್ತಿ

2022ರ ಏಪ್ರಿಲ್ 23, ಶನಿವಾರ. ಅಂದು ಬೆಳಿಗ್ಗೆ ಜೆರುಸಲೇಮಿನ ಸಿನಗಾಗುಗಳಲ್ಲಿ ಟೋರಾ ಸುರುಳಿ ಬಿಚ್ಚಿ ಓದಿದ್ದು 'ಅಹರೇ ಮೋತ್' ಎಂಬ ವಾರದ ಪಾಠವನ್ನು. ಅದೇ ಶನಿವಾರ ಮುಂಬಯಿ, ಲಂಡನ್, ನ್ಯೂಯಾರ್ಕುಗಳ ಸಾಂಪ್ರದಾಯಿಕ ಸಿನಗಾಗುಗಳಲ್ಲಿ ಓದಿದ್ದು ಪೆಸಾಹ್ ಹಬ್ಬದ ಎಂಟನೆಯ ದಿನದ ಪಾಠವನ್ನು. ಅಹರೇ ಮೋತ್ ಅವರ ಪಾಲಿಗೆ ಬಂದದ್ದು ಮುಂದಿನ ವಾರ. ಹೀಗೆ ಒಂದು ವಾರ ಹಿಂದೆ ಬಿದ್ದವರು ಜೆರುಸಲೇಮಿನವರ ಜೊತೆ ಮತ್ತೆ ಕೂಡಿಕೊಂಡದ್ದು ಜುಲೈ 30ರಂದು, ಎರಡು ಪಾಠಗಳನ್ನು ಒಟ್ಟಿಗೆ ಓದಿ. ಮೋಶೆಯ ಐದು ಪುಸ್ತಕಗಳನ್ನು 54 ಪಾಠಗಳಾಗಿ ಹಂಚಿ, ವರ್ಷಕ್ಕೊಮ್ಮೆ ಮೊದಲಿಂದ ಕೊನೆಯವರೆಗೆ ಓದಿ ಮುಗಿಸುವುದು ಯೆಹೂದಿಗಳ ಪದ್ಧತಿ. ಗ್ರಂಥ ಒಂದೇ, ಪಂಚಾಂಗವೂ ಒಂದೇ. ಆದರೂ ಮೂರು ತಿಂಗಳು ಎರಡು ಕಡೆ ಎರಡು ಪಾಠ.

ಕಾರಣ ಎಲ್ಲರಿಗೂ ತಿಳಿದದ್ದೇ. ಇಸ್ರೇಲಿನೊಳಗೆ ಪೆಸಾಹ್ ಏಳು ದಿನದ ಹಬ್ಬ, ಹೊರಗಿನವರಿಗೆ ಎಂಟು ದಿನ. ಹಿಂದೆ ತಿಂಗಳು ಶುರುವಾಗುತ್ತಿದ್ದುದು ಎಳೆಚಂದ್ರನನ್ನು ಕಣ್ಣಾರೆ ಕಂಡವರ ಸಾಕ್ಷ್ಯದ ಮೇಲೆ. ಸಾಕ್ಷ್ಯವನ್ನು ಒಪ್ಪಿ ತಿಂಗಳನ್ನು ಘೋಷಿಸುತ್ತಿದ್ದುದು ಪ್ಯಾಲೆಸ್ಟೈನಿನ ನ್ಯಾಯಮಂಡಳಿ. ಆ ಸುದ್ದಿ ಹೊತ್ತ ದೂತರು ದೂರದ ಊರುಗಳಿಗೆ ಹಬ್ಬದೊಳಗೆ ತಲುಪುತ್ತಿರಲಿಲ್ಲ. ತಿಂಗಳು ಇಂದು ಹುಟ್ಟಿತೋ ನಾಳೆಯೋ ಎಂಬ ಅನುಮಾನಕ್ಕೆ ಅಲ್ಲಿನವರು ಒಂದು ದಿನ ಹೆಚ್ಚಿಗೆ ಆಚರಿಸುತ್ತಿದ್ದರು. ಅನುಮಾನ ಹೋಯಿತು, ದಿನ ಉಳಿಯಿತು. ನನ್ನನ್ನು ಕಾಡಿದ್ದು ಇಲ್ಲಿಂದ ಮುಂದಿನ ಪ್ರಶ್ನೆ: ಆ ಅನುಮಾನ ಹೋದದ್ದು ಯಾವಾಗ? ಕಣ್ಣಿನ ಸಾಕ್ಷ್ಯವನ್ನು ಬಿಟ್ಟು, ಯಾರು ಎಲ್ಲಿ ಕೂತು ಲೆಕ್ಕ ಹಾಕಿದರೂ ಒಂದೇ ಉತ್ತರ ಬರುವ ಪಂಚಾಂಗ ಗಟ್ಟಿಯಾದದ್ದು ಯಾವ ಶತಮಾನದಲ್ಲಿ?

ಕೈಪಿಡಿಗಳು ಹೇಳುವ ಉತ್ತರ ಒಂದೇ: ಕ್ರಿ.ಶ. 358-59, ಪ್ಯಾಲೆಸ್ಟೈನಿನ ಯೆಹೂದಿ ಮುಖ್ಯಸ್ಥ ಎರಡನೆಯ ಹಿಲ್ಲೇಲ್. ಇಸವಿ ಇಷ್ಟು ಖಚಿತವಾಗಿದ್ದರೆ ಅದರ ಹಿಂದೆ ಗಟ್ಟಿ ಆಕರ ಇರಬೇಕೆಂದು ನಂಬಿ ಹಿಂದಕ್ಕೆ ಹೋದೆ. ಒಂದು ಪುಸ್ತಕ ಇನ್ನೊಂದನ್ನು ತೋರಿಸಿತು, ಅದು ಮತ್ತೊಂದನ್ನು. ಕೊನೆಗೆ ಎಲ್ಲ ದಾರಿಗಳೂ ಸೇರಿದ್ದು ಒಂದೇ ಕಡೆ: ಸ್ಪೇನಿನ ಅಬ್ರಹಾಂ ಬಾರ್ ಹಿಯ್ಯಾ 1123ರಲ್ಲಿ ಬರೆದ ಪಂಚಾಂಗ ಗ್ರಂಥ, 'ಸೆಫರ್ ಹಾ-ಇಬ್ಬೂರ್'. ಅದರಲ್ಲೂ ಅದು ಅವನ ಸ್ವಂತ ಮಾತಲ್ಲ. ಬಾಬಿಲೋನಿನ ಮಹಾಪಂಡಿತ ಹಾಯ್ ಗಾವೋನ್ ಹಾಗೆ ಬರೆದಿದ್ದಾನೆ ಎಂದು ಉದ್ಧರಿಸುತ್ತಾನೆ. ಹಾಯ್ ಕೊಡುವ ಇಸವಿ ಸೆಲ್ಯೂಕಿಡ್ ಶಕೆಯ 670. ಅದರಿಂದ 312 ಕಳೆದರೆ ಕ್ರಿ.ಶ. 358ರ ಶರತ್ಕಾಲ. ಹಾಯ್ ತೀರಿಕೊಂಡದ್ದು 1038ರಲ್ಲಿ. ಅಂದರೆ ಘಟನೆಗೂ ಅದನ್ನು ಹೇಳಿದ ಸಾಕ್ಷಿಗೂ ನಡುವೆ ಆರೂವರೆ ಶತಮಾನ. ಆ ಸಾಕ್ಷಿಯ ಮಾತು ನಮಗೆ ಸಿಗುವುದೂ ಇನ್ನೊಬ್ಬನ ಬಾಯಲ್ಲಿ.

ಸಾಕ್ಷಿ ತಡವಾಗಿ ಬಂದ ಮಾತ್ರಕ್ಕೆ ಸುಳ್ಳಾಗುವುದಿಲ್ಲ. ಹಾಯ್ ಕೈಯಲ್ಲಿ ನಮಗೆ ಸಿಗದ ಹಳೆಯ ಕಾಗದ ಇದ್ದಿರಬಹುದು. ಆದರೆ ಮೊದಲೇ ಮಾತಾಡಬೇಕಿದ್ದವರು ಸುಮ್ಮನಿದ್ದರೆ ಅದನ್ನೂ ತಕ್ಕಡಿಗೆ ಹಾಕಬೇಕು. ಹಿಲ್ಲೇಲನ ಕಾಲದ ನಂತರವೂ ಬೆಳೆಯುತ್ತಲೇ ಹೋದ ಬಾಬಿಲೋನಿನ ತಾಲ್ಮೂದ್ ಮೊಟ್ಟೆ ಇಡುವ ಕೋಳಿಯಿಂದ ಹಿಡಿದು ದೇವಾಲಯದ ಧೂಪದವರೆಗೆ ಎಲ್ಲವನ್ನೂ ಚರ್ಚಿಸುತ್ತದೆ. ಇಷ್ಟು ದೊಡ್ಡ ಸುಧಾರಣೆಯ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ. ಹಿಲ್ಲೇಲನ ಪರವಾಗಿ ಸಾಮಾನ್ಯವಾಗಿ ತೋರಿಸುವುದು ಬೇತ್ಸಾ ಪ್ರಕರಣದ ಒಂದು ಚರ್ಚೆಯನ್ನು. ತಿಂಗಳು ಯಾವಾಗ ಕಟ್ಟುತ್ತದೆಂದು ಈಗ ನಮಗೆ ಗೊತ್ತಲ್ಲ, ಮತ್ತೆ ಎರಡು ದಿನದ ಹಬ್ಬ ಏಕೆ ಎಂದು ಅಲ್ಲಿ ಕೇಳಿಕೊಳ್ಳುತ್ತಾರೆ. ಹಿರಿಯರ ವಾಡಿಕೆ ಬಿಡಬೇಡಿ ಎಂದು ಪ್ಯಾಲೆಸ್ಟೈನಿನಿಂದ ಹೇಳಿಕಳುಹಿಸಿದ್ದಾರೆ ಎಂಬುದು ಉತ್ತರ. ಲೆಕ್ಕದ ತಿಳಿವಳಿಕೆ ಆಗ ಇತ್ತು ಎಂಬುದು ಇದರಿಂದ ಸಿದ್ಧ. ಆ ಲೆಕ್ಕ ಇಂದಿನ ಲೆಕ್ಕವೇ ಎಂಬುದು ಸಿದ್ಧವಲ್ಲ.

ಇನ್ನೊಂದು ತೊಡಕೂ ಎದುರಾಯಿತು. ಹಾಯ್‌ಗಿಂತ ಒಂದು ಶತಮಾನ ಹಿಂದೆ ಇದ್ದ ಸಾದ್ಯಾ ಗಾವೋನ್ ಹೇಳಿದ್ದು ಬೇರೆಯೇ. ಅವನ ಪ್ರಕಾರ ಈ ಲೆಕ್ಕ ಸಿನಾಯ್ ಬೆಟ್ಟದಿಂದಲೇ ಬಂದದ್ದು, ಚಂದ್ರನನ್ನು ನೋಡುವ ಪದ್ಧತಿ ಆಮೇಲಿನದು. ಚಂದ್ರದರ್ಶನವೇ ಸರಿ ಎಂದು ಹಟ ಹಿಡಿದಿದ್ದ ಕರಾಯಿ ಪಂಥದವರ ಬಾಯಿ ಮುಚ್ಚಿಸಲು ಸಾದ್ಯಾ ಹಿಡಿದ ಕೋಲು ಅದು ಎಂಬ ಅರ್ಥದಲ್ಲಿ ಹಾಯ್ ಸ್ವತಃ ಬರೆದಿದ್ದಾನೆ. ಒಂದೇ ಪರಂಪರೆಯ ಇಬ್ಬರು ಹಿರಿಯರು, ನೂರು ವರ್ಷದೊಳಗೆ, ಒಂದೇ ಪಂಚಾಂಗಕ್ಕೆ ಎರಡು ಹುಟ್ಟು ಹೇಳುತ್ತಾರೆ. 358 ಎಂಬುದು ಎಲ್ಲರಿಗೂ ತಿಳಿದ ಸಂಗತಿಯಾಗಿದ್ದರೆ ಸಾದ್ಯಾ ಅದನ್ನು ದಾಟಿ ಹೋಗುವುದು ಸುಲಭವಿರಲಿಲ್ಲ.

ಹಾಗಾಗಿ ಗ್ರಂಥಗಳನ್ನು ಪಕ್ಕಕ್ಕಿಟ್ಟು ತಾರೀಖು ಇರುವ ಕಾಗದ ಮತ್ತು ಕಲ್ಲುಗಳನ್ನು ಹುಡುಕಿದೆ. ಮೊದಲು ಸಿಕ್ಕಿದ್ದು ಕ್ರೈಸ್ತರ ದಾಖಲೆ. 343ರಲ್ಲಿ ಸಾರ್ದಿಕಾದಲ್ಲಿ, ಅಂದರೆ ಇಂದಿನ ಸೋಫಿಯಾದಲ್ಲಿ ಸೇರಿದ ಬಿಷಪ್ಪರಲ್ಲಿ ಪೂರ್ವದ ಕಡೆಯವರು ಯೆಹೂದಿಗಳು 328ರಿಂದ 343ರವರೆಗೆ ಪೆಸಾಹ್ ಆಚರಿಸಿದ ದಿನಗಳ ಪಟ್ಟಿ ಕೊಟ್ಟಿದ್ದಾರೆ. ಅದು ವೆರೋನಾದ ಒಂದು ಲ್ಯಾಟಿನ್ ಹಸ್ತಪ್ರತಿಯಲ್ಲಿ ಉಳಿದಿದೆ. ಪಟ್ಟಿಯ ದಿನಗಳೆಲ್ಲ ಮಾರ್ಚ್ ತಿಂಗಳಲ್ಲೇ ಬೀಳುತ್ತವೆ. ಇಂದಿನ ನಿಯಮದಲ್ಲಿ ಹಾಗಾಗುವುದು ಸಾಧ್ಯವಿಲ್ಲ. ಉತ್ತರ ಸಿಕ್ಕಿತು ಎಂದುಕೊಂಡೆ, ಆದರೆ ಇಸವಿ ನೋಡಿದಾಗ ಉತ್ಸಾಹ ಇಳಿಯಿತು. ಪಟ್ಟಿ 343ಕ್ಕೇ ನಿಲ್ಲುತ್ತದೆ, ಹಿಲ್ಲೇಲನ ಸುಧಾರಣೆ ನಡೆಯಿತೆನ್ನುವುದು 358ರಲ್ಲಿ. ಅವನ ಹಿಂದಿನ ಅವ್ಯವಸ್ಥೆಗೆ ಸಾಕ್ಷಿಯಾಗುವ ದಾಖಲೆ ಅವನ ವಿರುದ್ಧ ಸಾಕ್ಷಿಯಾಗಲಾರದು.

ಎರಡನೆಯದು ಮೃತ ಸಮುದ್ರದ ದಕ್ಷಿಣದ ಝೋಆರ್ ಎಂಬಲ್ಲಿ ಸಿಕ್ಕ ಅರಾಮಿಕ್ ಸಮಾಧಿಗಲ್ಲುಗಳು. ಕಾಲ 4ರಿಂದ 6ನೆಯ ಶತಮಾನ. ಸತ್ತವರ ಹೆಸರಿನ ಜೊತೆ ತಿಂಗಳು, ದಿನ, ಕೆಲವೆಡೆ ವಾರ, ಏಳು ವರ್ಷದ ಬೀಡುಭೂಮಿ ಚಕ್ರದಲ್ಲಿ ಎಷ್ಟನೆಯ ವರ್ಷ, ದೇವಾಲಯ ನಾಶವಾಗಿ ಎಷ್ಟು ವರ್ಷ ಎಂದೆಲ್ಲ ಕೊರೆದಿದ್ದಾರೆ. ನಮ್ಮ ಶಾಸನಗಳ ಕಾಲನಿರ್ಣಯ ಮಾಡಿದವರಿಗೆ ಈ ಸುಖ ಗೊತ್ತು: ತಿಥಿಯ ಜೊತೆ ವಾರ ಕೊಟ್ಟ ಶಾಸನ ತನ್ನನ್ನು ತಾನೇ ಪರೀಕ್ಷೆಗೆ ಒಡ್ಡಿಕೊಳ್ಳುತ್ತದೆ. ಇಲ್ಲಿ ಹಲವು ಕಲ್ಲುಗಳ ದಿನ-ವಾರ ಇಂದಿನ ಪಂಚಾಂಗಕ್ಕೆ ಕೂಡುವುದಿಲ್ಲ. ಆದರೆ ಝೋಆರ್ ಮರುಭೂಮಿಯ ಅಂಚಿನ ಸಣ್ಣ ಊರು. ಕೇಂದ್ರದ ಲೆಕ್ಕ ಅಲ್ಲಿಗೆ ತಲುಪಿರಲಿಲ್ಲ ಎಂದು ಯಾರಾದರೂ ವಾದಿಸಿದರೆ ನನ್ನ ಬಳಿ ಉತ್ತರವಿರಲಿಲ್ಲ. ಬೇಕಿದ್ದದ್ದು ಅಧಿಕಾರದ ಕೇಂದ್ರದಿಂದಲೇ ಹೊರಟ, ಇಸವಿ ಇರುವ ಕಾಗದ.

ಅಂಥ ಕಾಗದ ಇತ್ತು, ಹಳೆಯ ಕೈರೋದ ಗೆನೀಝಾದಲ್ಲಿ. ದೇವರ ಹೆಸರಿರುವ ಬರಹವನ್ನು ಎಸೆಯಬಾರದೆಂಬ ನಂಬಿಕೆಯಿಂದ ಫುಸ್ತಾತಿನ ಬೆನ್ ಎಝ್ರಾ ಸಿನಗಾಗಿನ ಒಂದು ಕೋಣೆಯಲ್ಲಿ ಶತಮಾನಗಳ ಕಾಲ ಹಳೆಯ ಕಾಗದ ತುಂಬುತ್ತ ಹೋಗಿದ್ದರು. ಸಾಲಪತ್ರ, ಓಲೆ, ಔಷಧದ ಚೀಟಿ, ಮಕ್ಕಳ ಅಕ್ಷರಾಭ್ಯಾಸ, ಎಲ್ಲವೂ ಅಲ್ಲಿ ಸೇರಿದ್ದವು. 1896-97ರ ಚಳಿಗಾಲದಲ್ಲಿ ಸಾಲಮನ್ ಶೆಕ್ಟರ್ ಅದರ ಬಹುಪಾಲನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಕನ್ನಡಿಗರಿಗೆ ಈ ಕೋಣೆ ಪೂರ್ತಿ ಅಪರಿಚಿತವಲ್ಲ. 12ನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ವರ್ಷಗಟ್ಟಲೆ ನೆಲೆಸಿದ್ದ ವ್ಯಾಪಾರಿ ಅಬ್ರಹಾಂ ಬೆನ್ ಯಿಜೂನ ಕಾಗದಗಳು, ಅವನು 1132ರಲ್ಲಿ ಆಶು ಎಂಬ ದಾಸಿಗೆ ಬಿಡುಗಡೆ ಬರೆದುಕೊಟ್ಟ ಪತ್ರ, ಅವನ ಆಳು ಬೊಮ್ಮನ ಹೆಸರು, ಇವೆಲ್ಲ ಉಳಿದಿರುವುದು ಅಲ್ಲಿಯೇ. ಅಮಿತಾವ್ ಘೋಷ್ 1992ರಲ್ಲಿ ಆ ಬೊಮ್ಮನ ಜಾಡು ಹಿಡಿದು ಒಂದು ಇಡೀ ಪುಸ್ತಕ ಬರೆದರು.

ನನಗೆ ಬೇಕಾದ ಪತ್ರ ಬಾಬಿಲೋನಿನ ಯೆಹೂದಿಗಳ ಲೌಕಿಕ ಮುಖಂಡನದು. ಅವನ ಬಿರುದು ರೇಷ್ ಗಲೂತಾ, ಗಡೀಪಾರಾದವರ ತಲೆಯಾಳು ಎಂದರ್ಥ. ಸೆಲ್ಯೂಕಿಡ್ ಶಕೆ 1147, ಅಂದರೆ ಕ್ರಿ.ಶ. 835-36. ಪತ್ರದಲ್ಲಿ ಎರಡು ಸಂಗತಿಗಳಿವೆ. ಒಂದು, ತಿಂಗಳು ಕಟ್ಟುವ ವಿಷಯದಲ್ಲಿ ತಾನೂ ತನ್ನ ಪಂಡಿತರೂ ಪ್ಯಾಲೆಸ್ಟೈನಿನವರ ನಿರ್ಣಯವನ್ನೇ ಅನುಸರಿಸುವುದಾಗಿ, ಜನ ಎರಡು ಹೋಳಾಗಬಾರದೆಂಬುದೇ ಅದಕ್ಕೆ ಕಾರಣವೆಂದು ಅವನು ಬರೆಯುತ್ತಾನೆ. ಎರಡು, ಆ ವರ್ಷದ ಪೆಸಾಹ್ ಮಂಗಳವಾರ.

ಈ ಮಂಗಳವಾರವನ್ನು ಪರೀಕ್ಷಿಸಬಹುದು. ಪೆನ್ಸಿಲ್ ಹಿಡಿದು ಕೂತೆ. ಯೆಹೂದಿ ಲೆಕ್ಕದಲ್ಲಿ ದಿನ ಸಂಜೆ 6ಕ್ಕೆ ಶುರು, ಗಂಟೆಗೆ 1080 ಭಾಗ. ಒಂದು ಅಮಾವಾಸ್ಯೆಯಿಂದ ಇನ್ನೊಂದಕ್ಕೆ 29 ದಿನ, 12 ಗಂಟೆ, 793 ಭಾಗ. ಸೃಷ್ಟಿಶಕೆಯ ಮೊದಲ ಯುತಿ, ಅಂದರೆ ಅಮಾವಾಸ್ಯೆಯ ಕ್ಷಣ, ವಾರದ 2ನೆಯ ದಿನ, 5 ಗಂಟೆ, 204 ಭಾಗಕ್ಕೆ. 19 ವರ್ಷಕ್ಕೆ 7 ಅಧಿಕಮಾಸ, ಒಟ್ಟು 235 ತಿಂಗಳು. ವರ್ಷದ ಮೊದಲ ದಿನವಾದ ರೋಷ್ ಹಶಾನಾ ಭಾನುವಾರ, ಬುಧವಾರ, ಶುಕ್ರವಾರ ಬರುವಂತಿಲ್ಲ. ಯುತಿ ನಡುಹಗಲಿಗೆ ಅಥವಾ ಆಮೇಲೆ ಆದರೆ ವರ್ಷಾರಂಭ ಮರುದಿನಕ್ಕೆ ಹೋಗಬೇಕು. ಪೆಸಾಹ್‌ನಿಂದ ಮುಂದಿನ ರೋಷ್ ಹಶಾನಾಕ್ಕೆ ಯಾವಾಗಲೂ 163 ದಿನ, ಆದ್ದರಿಂದ ಒಂದರ ವಾರ ತಿಳಿದರೆ ಇನ್ನೊಂದರದು ತಿಳಿಯುತ್ತದೆ.

836ರ ಪೆಸಾಹ್‌ಗೆ ಬೇಕಾದದ್ದು ಸೃಷ್ಟಿಶಕೆ 4597ರ ಆರಂಭ. ಕಳೆದ ತಿಂಗಳು 56,845. ಗುಣಿಸಿ, ಕೂಡಿಸಿ, ವಾರಗಳನ್ನು ಕಳೆದರೆ ಯುತಿ ಬರುವುದು ಗುರುವಾರ, 20 ಗಂಟೆ 169 ಭಾಗಕ್ಕೆ. ಸಂಜೆ 6ರಿಂದ ಎಣಿಸಿದರೆ ಮಧ್ಯಾಹ್ನ 2 ದಾಟಿ ಒಂಬತ್ತು ನಿಮಿಷ. ನಡುಹಗಲು ಮೀರಿದೆ, ಆದ್ದರಿಂದ ಗುರುವಾರ ಆಗದು. ಶುಕ್ರವಾರ ನಿಷಿದ್ಧ. ವರ್ಷ ಶನಿವಾರ ಶುರುವಾಗಬೇಕು, ಪೆಸಾಹ್ ಗುರುವಾರ, ಏಪ್ರಿಲ್ 6ಕ್ಕೆ ಬರಬೇಕು. ಪತ್ರ ಹೇಳುವುದು ಮಂಗಳವಾರ, ಅಂದರೆ ಏಪ್ರಿಲ್ 4. ಲೆಕ್ಕ ತಪ್ಪಿತೇನೋ ಎಂದು ಇನ್ನೊಮ್ಮೆ ಮಾಡಿದೆ. ಅದೇ ಉತ್ತರ ಬಂತು.

ಹಾಗಾದರೆ 836ರಲ್ಲಿ, ಹಿಲ್ಲೇಲ್ ಎಲ್ಲವನ್ನೂ ಗಟ್ಟಿ ಮಾಡಿದನೆನ್ನುವ ಕಾಲಕ್ಕೆ ಸುಮಾರು 480 ವರ್ಷದ ನಂತರ, ಬಾಬಿಲೋನಿನ ಮುಖಂಡನೇ ಒಪ್ಪಿ ಬರೆದ ದಿನ ಇಂದಿನ ನಿಯಮಕ್ಕೆ ಹೊಂದುವುದಿಲ್ಲ. ಎರಡರಲ್ಲಿ ಒಂದು ನಿಜವಿರಬೇಕು. ನಡುಹಗಲಿನ ನಿಯಮ ಆಗ ಜಾರಿಯಲ್ಲಿರಲಿಲ್ಲ, ಇಲ್ಲವೇ ಯುತಿಯ ಲೆಕ್ಕವೇ ಬೇರೆಯಿತ್ತು. ಈ ಪತ್ರವೊಂದರಿಂದ ಯಾವುದೆಂದು ತೀರ್ಮಾನಿಸಲಾಗದು. ಸಾಶಾ ಸ್ಟರ್ನ್ ಪಂಚಾಂಗದ ಇತಿಹಾಸವನ್ನು ಕುರಿತ ತಮ್ಮ 2001ರ ಗ್ರಂಥದಲ್ಲಿ ಈ ಪತ್ರಕ್ಕೆ ದೊಡ್ಡ ಸ್ಥಾನ ಕೊಟ್ಟಿದ್ದೇಕೆ ಎಂಬುದು ಕೈಯಾರೆ ಲೆಕ್ಕ ಹಾಕಿದ ಮೇಲೆ ನನಗೆ ಮನವರಿಕೆಯಾಯಿತು.

ಮುಂದಿನ ಗುರುತು 85 ವರ್ಷದ ನಂತರ ಸಿಗುತ್ತದೆ. 921ರಲ್ಲಿ ಪ್ಯಾಲೆಸ್ಟೈನಿನ ಬೆನ್ ಮೇಯಿರ್ ಎಂಬ ಮುಖ್ಯಸ್ಥ, ಆ ವರ್ಷ ಹೆಶ್ವಾನ್, ಕಿಸ್ಲೇವ್ ಎರಡೂ ತಿಂಗಳು 29 ದಿನದವು, ಆದ್ದರಿಂದ 922ರ ಪೆಸಾಹ್ ಭಾನುವಾರ ಎಂದು ಸಾರಿದ. ಬಾಬಿಲೋನಿನವರು ಎರಡಕ್ಕೂ 30 ದಿನ, ಪೆಸಾಹ್ ಮಂಗಳವಾರ ಎಂದರು. ಏಪ್ರಿಲ್ 14ಕ್ಕೋ 16ಕ್ಕೋ ಎಂಬುದು ಜಗಳ. ಬಾಬಿಲೋನಿನ ಪರವಾಗಿ ಪತ್ರಗಳ ಮೇಲೆ ಪತ್ರ ಬರೆದವನು ಇನ್ನೂ ಗಾವೋನ್ ಪದವಿ ಏರದಿದ್ದ ಸಾದ್ಯಾ. ಈ ಪತ್ರಗಳ ಚೂರುಗಳೂ ಗೆನೀಝಾದಲ್ಲೇ ಸಿಕ್ಕವು. ಜಗಳ ಬರಿಯ ಕಾಗದದ ಮೇಲಿನದಲ್ಲ ಎನ್ನಲು ಹೊರಗಿನ ಸಾಕ್ಷಿಯೂ ಇದೆ. ನಿಸಿಬಿಸ್‌ನ ಕ್ರೈಸ್ತ ಬಿಷಪ್ ಎಲಿಯಾ 11ನೆಯ ಶತಮಾನದ ತನ್ನ ಕಾಲಾನುಕ್ರಮಣಿಕೆಯಲ್ಲಿ, ಪಶ್ಚಿಮದ ಯೆಹೂದಿಗಳು ವರ್ಷವನ್ನು ಮಂಗಳವಾರ, ಪೂರ್ವದವರು ಗುರುವಾರ ಶುರುಮಾಡಿದರೆಂದು ದಾಖಲಿಸಿದ್ದಾನೆ. 4683ರ ಆರಂಭಕ್ಕೆ ನಾನು ಹಾಕಿದ ಎರಡು ಲೆಕ್ಕಗಳ ಉತ್ತರವೂ ಅವೇ ಎರಡು ವಾರ. ಈ ಜಗಳದಲ್ಲಿ ಯಾವ ಪಾಲೂ ಇಲ್ಲದವನ ಮಾತಿಗೆ ತೂಕ ಹೆಚ್ಚು.

ಇಬ್ಬರ ನಡುವಿನ ವ್ಯತ್ಯಾಸ ಎಷ್ಟು? ಮೂಲ ಇರುವುದು ಎರಡು ವರ್ಷ ಮುಂದಿನ 4684ರ ಯುತಿಯಲ್ಲಿ. ಲೆಕ್ಕ ಹಾಕಿದರೆ ಅದು ಶನಿವಾರ, 18 ಗಂಟೆ 237 ಭಾಗ, ನಡುಹಗಲು ದಾಟಿ ಹದಿಮೂರು ನಿಮಿಷ. ಬಾಬಿಲೋನಿನವರಿಗೆ ಶನಿವಾರ ಹೋಯಿತು, ಭಾನುವಾರ ನಿಷಿದ್ಧ, ಸೋಮವಾರವೇ ಗತಿ. ಬೆನ್ ಮೇಯಿರ್ ಮಾತ್ರ ಮಿತಿ ನಡುಹಗಲಲ್ಲ, ಅದರ ಮೇಲೆ 642 ಭಾಗ ಎಂದು ಹಟ ಹಿಡಿದ. ಹಾಗಾದರೆ ಶನಿವಾರ ಉಳಿಯುತ್ತದೆ. ವರ್ಷದ ಉದ್ದ ಇಷ್ಟೇ ಇರಬೇಕೆಂಬ ಕಟ್ಟಿನಿಂದಾಗಿ ಆ ಹದಿಮೂರು ನಿಮಿಷ ಹಿಂದಕ್ಕೆ ಸರಿದು, ಎರಡು ವರ್ಷ ಮೊದಲೇ ಜನರನ್ನು ಎರಡು ಹೋಳು ಮಾಡಿತು. ರೇಷ್ ಗಲೂತಾ ಹೆದರಿದ್ದು ಇದಕ್ಕೇ.

ಈ 642 ಎಲ್ಲಿಂದ ಬಂತು? ನಾನು ಮೊದಲು ಹಿಡಿದ ದಾರಿ ಭೂಗೋಳದ್ದು. 642 ಭಾಗ ಎಂದರೆ 35 ನಿಮಿಷ 40 ಸೆಕೆಂಡು. ಜೆರುಸಲೇಮಿಗೂ ಪ್ರಾಚೀನ ಬಾಬಿಲೋನ್ ನಗರಕ್ಕೂ ಸೂರ್ಯನ ಹೊತ್ತಿನ ಅಂತರ ಸುಮಾರು 37 ನಿಮಿಷ. ಪೂರ್ವದ ನಡುಹಗಲು, ಪಶ್ಚಿಮದ ನಡುಹಗಲು! ಎರಡು ದಿನ ಇದೇ ಉತ್ತರ ಎಂದು ನಂಬಿದ್ದೆ, ದಿಕ್ಕೂ ಸರಿಹೊಂದುತ್ತಿತ್ತು. ಆದರೆ ದೂರದ ಎರಡು ಊರುಗಳ ನಡುವಿನ ಹೊತ್ತನ್ನು ಒಂದು-ಎರಡು ನಿಮಿಷದ ನಿಖರತೆಯಲ್ಲಿ ಅಳೆಯುವುದು ಆ ಕಾಲದಲ್ಲಿ ಸುಲಭವಲ್ಲ. ಅಳೆದರು ಎಂದೇ ಇಟ್ಟುಕೊಂಡರೂ, ಅದು 642 ಎಂಬ ಇಂಥ ಬಿಡಿ ಅಂಕಿಯಾಗಿ ಉಳಿಯುವುದಕ್ಕಿಂತ 600 ಎಂದೋ 650 ಎಂದೋ ದುಂಡಾಗುವುದೇ ಸಹಜ. ಹತ್ತಿರ ಬಂದ ಅಂಕಿ ಸರಿಯಾದ ಅಂಕಿಯಲ್ಲ.

ವಿದ್ವಾಂಸರು ತೋರಿಸಿಕೊಟ್ಟ ಇನ್ನೊಂದು ದಾರಿ ಪಂಚಾಂಗದ ಒಳಗೇ ಇದೆ. ಅದನ್ನೂ ಪೆನ್ಸಿಲಿನಿಂದಲೇ ನೋಡಿದೆ. ಸೃಷ್ಟಿಶಕೆಯ ಮೊದಲ ತಿಷ್ರಿಯ, ಅಂದರೆ ವರ್ಷಾರಂಭದ ತಿಂಗಳ, ಯುತಿ 2 ದಿನ, 5 ಗಂಟೆ, 204 ಭಾಗ. ಅದಕ್ಕೆ ಆರು ತಿಂಗಳು ಕೂಡಿಸಿದರೆ ಪೆಸಾಹ್ ಬರುವ ನಿಸಾನ್ ತಿಂಗಳ ಯುತಿ ಸಿಗಬೇಕು. ಆರು ತಿಂಗಳ ಶೇಷ, ವಾರ ಕಳೆದು, 2 ದಿನ, 4 ಗಂಟೆ, 438 ಭಾಗ. ಕೂಡಿಸಿದೆ: 4 ದಿನ, 9 ಗಂಟೆ, 642 ಭಾಗ.

ಆ ಅಂಕಿಯನ್ನು ನೋಡುತ್ತ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಭಾಗ ಒಂದೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಪ್ಯಾಲೆಸ್ಟೈನಿನವರು ತಮ್ಮ ಎಣಿಕೆಯನ್ನು ನಿಸಾನಿನಿಂದ ಹೊರಡಿಸಿ, ಬಾಲಂಗೋಚಿಯಂತಿದ್ದ 642 ಭಾಗವನ್ನು ಬಿಟ್ಟು, ಬುಧವಾರ 9 ಗಂಟೆ ಎಂದು ದುಂಡಗೆ ಇಟ್ಟುಕೊಂಡಿದ್ದರೆ ಅವರ ಪ್ರತಿ ಯುತಿಯೂ ಬಾಬಿಲೋನಿನ ಯುತಿಗಿಂತ 642 ಭಾಗ ಮೊದಲು ಬರುತ್ತದೆ. ಮಿತಿಯನ್ನು 642 ಭಾಗ ಮುಂದಕ್ಕೆ ತಳ್ಳಿದರೂ ಯುತಿಯನ್ನು ಅಷ್ಟೇ ಹಿಂದಕ್ಕೆ ಎಳೆದರೂ ಫಲ ಒಂದೇ. ಹಾಗೆ ಮಾಡಿದ್ದೆವೆಂದು ಹೇಳುವ ಪತ್ರ ನಮ್ಮ ಮುಂದಿಲ್ಲ, ಬೆನ್ ಮೇಯಿರ್ ಪರಂಪರೆಯ ಹೆಸರಿನಲ್ಲಿ ಮಾತಾಡುತ್ತಾನೆ ಅಷ್ಟೇ. ಆದ್ದರಿಂದ ಇದು ಅನುಮಾನ ಪ್ರಮಾಣ. ಆದರೂ ಎರಡು ವಿವರಣೆಗಳನ್ನು ಎದುರುಬದುರು ಇಟ್ಟರೆ ಒಂದು ಸುಮಾರಾಗಿ ಕೂಡುತ್ತದೆ, ಇನ್ನೊಂದು ಕರಾರುವಾಕ್ಕಾಗಿ ಕೂಡುತ್ತದೆ. ನಾನು ಎರಡನೆಯದನ್ನು ಒಪ್ಪುತ್ತೇನೆ.

ಈ ಅಂಕಿ ಕೈಯಲ್ಲಿ ಹಿಡಿದು 836ಕ್ಕೆ ಮರಳಿದೆ. ಆ ವರ್ಷದ 20 ಗಂಟೆ 169 ಭಾಗದಿಂದ 642 ಕಳೆದರೂ 19 ಗಂಟೆ 607 ಭಾಗ ಉಳಿಯುತ್ತದೆ, ನಡುಹಗಲು ದಾಟಿಯೇ ಇರುತ್ತದೆ. ಬೆನ್ ಮೇಯಿರ್ ಲೆಕ್ಕವೂ ಆ ಮಂಗಳವಾರವನ್ನು ಕೊಡಲಾರದು. ಅಂದರೆ 836ರ ಪಂಚಾಂಗ 921ರ ಎರಡು ಪಂಚಾಂಗಗಳಲ್ಲಿ ಯಾವುದೂ ಅಲ್ಲ. 836ಕ್ಕೂ 921ಕ್ಕೂ ನಡುವೆ ಏನೋ ಬದಲಾಗಿದೆ. 921ರಲ್ಲಿ ಎರಡೂ ಪಕ್ಷ ನಡುಹಗಲಿನ ನಿಯಮವನ್ನು ಒಪ್ಪಿಕೊಂಡೇ ಜಗಳವಾಡುತ್ತಿವೆ, ಉಳಿದ ತಕರಾರು ಮುಕ್ಕಾಲು ಗಂಟೆಯೂ ಇಲ್ಲ. ಒಬ್ಬ ಹಿಲ್ಲೇಲ್ ಒಂದು ವರ್ಷ ಕೂತು ಕಟ್ಟಿದ ಪಂಚಾಂಗಕ್ಕೆ ಹೀಗೆ ಹಂತಹಂತವಾಗಿ ಕಿರಿದಾಗುವ ಭಿನ್ನಾಭಿಪ್ರಾಯ ಇರುವುದಿಲ್ಲ. 4ನೆಯ ಶತಮಾನದಲ್ಲಿ ಹಿಲ್ಲೇಲ್ ಏನೂ ಮಾಡಲಿಲ್ಲ ಎಂದು ನಾನು ಹೇಳುತ್ತಿಲ್ಲ. ಅಧಿಕಮಾಸದ ಚಕ್ರವನ್ನೋ, ಬೇರೆ ಯಾವುದೋ ಒಂದು ನಿಯಮವನ್ನೋ ಅವನು ತಂದಿರಬಹುದು. ಇಂದಿನ ಪಂಚಾಂಗವನ್ನು ತಂದವನು ಅವನಲ್ಲ ಎಂದಷ್ಟೇ ಈ ಕಾಗದಗಳು ಹೇಳಗೊಡುತ್ತವೆ.

ಪಂಚಾಂಗ ಒಂದಾದ ಮೇಲೂ ವಾರದ ಓದು ತಕ್ಷಣ ಒಂದಾಗಲಿಲ್ಲ ಎಂಬುದಕ್ಕೆ ಬೆಂಜಮಿನ್ ಟುಡೇಲಾನ ಪ್ರವಾಸಕಥನ ಸಾಕ್ಷಿ. ಸುಮಾರು 1170ರಲ್ಲಿ ಈಜಿಪ್ಟಿಗೆ ಹೋದ ಅವನು ಒಂದೇ ನಗರದಲ್ಲಿ ಎರಡು ಸಿನಗಾಗು ಕಂಡ. ಇರಾಕಿನವರದರಲ್ಲಿ ಟೋರಾ ವರ್ಷಕ್ಕೊಮ್ಮೆ ಮುಗಿಯುತ್ತಿತ್ತು. ಪ್ಯಾಲೆಸ್ಟೈನಿನವರು ಪ್ರತಿ ಪಾಠವನ್ನು ಮೂರಾಗಿ ಹಂಚಿ ಮೂರು ವರ್ಷಕ್ಕೆ ಮುಗಿಸುತ್ತಿದ್ದರು. ಸಿಮ್ಹಾತ್ ಟೋರಾ ಮತ್ತು ಶಾವುಓತ್ ಹಬ್ಬಗಳಲ್ಲಿ ಮಾತ್ರ ಎರಡೂ ಕಡೆಯವರು ಒಟ್ಟಿಗೆ ಸೇರಿ ಪ್ರಾರ್ಥಿಸುತ್ತಿದ್ದರು. ಆ ಪ್ಯಾಲೆಸ್ಟೈನಿನವರ ಸಿನಗಾಗೇ ಬೆನ್ ಎಝ್ರಾ. ರೇಷ್ ಗಲೂತಾನ ಮಂಗಳವಾರವೂ ಬೆನ್ ಮೇಯಿರ್‌ನ 642 ಭಾಗವೂ ಮಂಗಳೂರಿನ ಆಶುವಿನ ಬಿಡುಗಡೆ ಪತ್ರವೂ ಉಳಿದದ್ದು ಆ ಮೂರು ವರ್ಷದ ಓದುಗರ ಕೋಣೆಯಲ್ಲಿ.

ನನ್ನ ಕಾಲಪಟ್ಟಿಯಲ್ಲಿ 358ರ ಮುಂದೆ ಬರೆದುಕೊಂಡಿದ್ದ 'ಪಂಚಾಂಗ ಸ್ಥಿರ' ಎಂಬ ಎರಡು ಪದಗಳನ್ನು ಹೊಡೆದುಹಾಕಿದ್ದೇನೆ. 'ಹಿಲ್ಲೇಲ್: ಏಕೈಕ ಸಾಕ್ಷಿ ಹಾಯ್, 11ನೆಯ ಶತಮಾನ' ಎಂಬುದು ಈಗ ಅಲ್ಲಿದೆ. ಆ ಎರಡು ಪದಗಳನ್ನು, ಜಗಳಕ್ಕೆ ಮೂಲವಾದ 4684 ಆರಂಭವಾಗುವ 923ರ ಕೆಳಗೆ, ಪೆನ್ಸಿಲಿನಲ್ಲೇ, ಬರೆದಿಟ್ಟಿದ್ದೇನೆ.